ಬರದಿದ್ದರೆ ಫೋನ್ ಮಾಡುವವರು

ಒಂದು ಭಾನುವಾರ ಈರುಳ್ಳಿ ಹೆಚ್ಚುತ್ತಾ ಪ್ರಸಂಗ ಕೇಳುತ್ತಿದ್ದೆ. ಊರಿನ ಚರ್ಚಿನ ಆರಾಧನೆ, ಯೂಟ್ಯೂಬ್‌ನಲ್ಲಿ. ಸಭಾಪಾಲಕರ ಮಾತು ಯಾಕೋ ಓಡುತ್ತಿದೆ ಅನ್ನಿಸಿತು. ನೋಡಿದರೆ ಹಿಂದಿನ ವಾರ ನಾನೇ ಒಂದೂವರೆ ಪಟ್ಟು ವೇಗಕ್ಕೆ ಇಟ್ಟಿದ್ದೆ. ಆ ವಾರ ಪೂರ್ತಿ ಹಾಗೇ ಕೇಳಿ ಮುಗಿಸಿದ್ದೆ, ಕರ್ತನ ಪ್ರಾರ್ಥನೆಯನ್ನೂ ಸೇರಿಸಿ.

ನಾನು ಉಡುಪಿಯವಳು. 2021ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮನೆಯಿಂದಲೇ. ಊರಿಗೆ ಊರೇ ಬೂದು ಗ್ರಾನೈಟ್ ಕಲ್ಲಿನದು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಸೂರ್ಯ ಮುಳುಗಿಬಿಡುತ್ತಾನೆ. ದಿನಕ್ಕೆ ನಾಲ್ಕೈದು ಮೀಟಿಂಗ್ ಇರುತ್ತಿತ್ತು, ಫೋನ್‌ನಲ್ಲಿ ಮುನ್ನೂರು ಹೆಸರಿತ್ತು. ಆದರೂ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರ ಬೆಳಿಗ್ಗೆ ತನಕ ಬಾಯಿ ಬಿಡುವ ಸಂದರ್ಭವೇ ಬರುತ್ತಿರಲಿಲ್ಲ. ಒಂದು ಸೋಮವಾರ 'ಗುಡ್ ಮಾರ್ನಿಂಗ್' ಅನ್ನಲು ಹೋದರೆ ಗಂಟಲಿನಿಂದ ಗೊರಗೊರ ಶಬ್ದ ಬಂತು. 2018ರಲ್ಲಿ ಬ್ರಿಟನ್ ಸರಕಾರ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಮಂತ್ರಿಯನ್ನು ನೇಮಿಸಿದ ಸುದ್ದಿ ಓದಿ ಊರಲ್ಲಿ ನಕ್ಕಿದ್ದೆ. ಇಲ್ಲಿ ಬಂದ ಮೇಲೆ ನಗು ಬರಲಿಲ್ಲ.

ಆನ್‌ಲೈನ್‌ನಲ್ಲಿ ಮೊದಲು ಹುಡುಕಿಕೊಂಡದ್ದು ದೊಡ್ಡ ಗುಂಪುಗಳನ್ನು. ಒಂದು ವಾಟ್ಸಾಪ್ ಪ್ರಾರ್ಥನಾ ಬಳಗ ಸೇರಿದೆ, ಇನ್ನೂರು ಚಿಲ್ಲರೆ ಜನ. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಬರೆದ ಬೈಬಲ್ ವಾಕ್ಯಗಳು, ಒಂದರ ಕೆಳಗೆ ಒಂದು. ಮೂರನೇ ವಾರ ಒಬ್ಬ ಅಪರಿಚಿತರು ಪ್ರೈವೇಟ್ ಆಗಿ ಮೆಸೇಜ್ ಹಾಕಿದರು. ನನ್ನ ಮದುವೆಯ ಬಗ್ಗೆ ಅವರಿಗೆ ದರ್ಶನ ಆಗಿದೆಯಂತೆ. ಪೂರ್ತಿ ತಿಳಿಯಬೇಕಾದರೆ ₹5,000 'ಬೀಜ ಕಾಣಿಕೆ' ಕಳಿಸಬೇಕಂತೆ. ಕೆಳಗೆ ಯುಪಿಐ ನಂಬರ್. ನಾನು ಕಳಿಸಲಿಲ್ಲ. ಆದರೆ ಒಂದು ರಾತ್ರಿ ಯೋಚನೆ ಮಾಡಿದ್ದಂತೂ ನಿಜ. ಒಬ್ಬಂಟಿಯಾಗಿದ್ದಾಗ ಬುದ್ಧಿ ಅಷ್ಟು ತೆಳ್ಳಗಾಗಿರುತ್ತದೆ. ಅದೇ ಬಳಗದಲ್ಲಿ ಒಬ್ಬಾಕೆ ಗಂಡನ ಕುಡಿತಕ್ಕಾಗಿ ಪ್ರಾರ್ಥಿಸಿ ಎಂದು ಬರೆದದ್ದು ಯಾರ್ಯಾರದೋ ಕೈದಾಟಿ ಆಕೆಯ ಅತ್ತೆಗೇ ಫಾರ್ವರ್ಡ್ ಆಗಿ ಹೋಯಿತು. ಅವತ್ತೇ ಹೊರಗೆ ಬಂದೆ.

ಸರಿಯಾದ ಜಾಗ ಸಿಕ್ಕಿದ್ದು ಹುಡುಕಿದ್ದರಿಂದ ಅಲ್ಲ. 2022ರ ಜೂನ್‌ನಲ್ಲಿ ಉಡುಪಿಯ ರಿಟೈರ್ಡ್ ಮಾಸ್ಟ್ರೊಬ್ಬರು ಫೋನ್ ಮಾಡಿದರು. 2020ರ ಲಾಕ್‌ಡೌನ್‌ನಲ್ಲಿ ಅವರ ಮನೆಕೂಟ, ಅಂದರೆ ಮನೆಯಲ್ಲಿ ಸೇರಿ ಪ್ರಾರ್ಥಿಸುವ ಗುಂಪು, ಜೂಮ್‌ಗೆ ಹೋಗಿತ್ತು. ಚರ್ಚ್ ತೆರೆದ ಮೇಲೆ ತುಂಬಾ ಜನ ಬಿಟ್ಟುಹೋಗಿದ್ದರು, ಆರೇಳು ಜನ ಉಳಿದಿದ್ದರು. 'ಎಂತ ಗೊತ್ತುಂಟಾ, ನಾನು ಹಾರ್ಮೋನಿಯಂ ಬಾರಿಸಿದರೆ ಯಾರಿಗೂ ಕೇಳುವುದಿಲ್ಲ. ಮಾತಾಡಿದರೆ ಕೇಳ್ತದೆ. ನೀನು ಕಂಪ್ಯೂಟರ್‌ನವಳಲ್ವಾ, ಒಮ್ಮೆ ನೋಡು' ಎಂದರು. ಕರೆದದ್ದು ನನ್ನ ಒಂಟಿತನಕ್ಕಲ್ಲ, ಅವರ ಹಾರ್ಮೋನಿಯಂಗೆ. ಅದರ ಹಿಂದೆ ಅಮ್ಮನ ಕೈವಾಡ ಇತ್ತು ಅಂತ ಆಮೇಲೆ ಗೊತ್ತಾಯಿತು.

ಸಮಸ್ಯೆ ಸುಲಭದ್ದೇ. ಜೂಮ್‌ಗೆ ಮನುಷ್ಯರ ಮಾತು ಮಾತ್ರ ಬೇಕು. ಫ್ಯಾನ್, ಮಿಕ್ಸಿ, ನಾಯಿ ಬೊಗಳುವುದು ಎಲ್ಲವನ್ನೂ ಗಲಾಟೆ ಅಂತ ಒತ್ತಿಬಿಡುತ್ತದೆ. ಮಾಸ್ಟ್ರ ಹಾರ್ಮೋನಿಯಂ ಕೂಡ ಅದರ ಲೆಕ್ಕದಲ್ಲಿ ಫ್ಯಾನಿನ ಜಾತಿ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ, ಸಂಗೀತದವರಿಗಾಗಿಯೇ ಇಟ್ಟದ್ದು. ಅದನ್ನು ಆನ್ ಮಾಡಿಸಲು ಮಾಸ್ಟ್ರಿಗೆ ಫೋನ್‌ನಲ್ಲಿ ಮುಕ್ಕಾಲು ಗಂಟೆ ಹೇಳಿಕೊಟ್ಟೆ. ಶನಿವಾರ ಹಾರ್ಮೋನಿಯಂ ಉಸಿರೆಳೆದುಕೊಂಡಿತು, ಜೊತೆಗೆ ಅವರ ಅಡಿಗೆಮನೆಯ ಕುಕ್ಕರ್ ವಿಸಿಲ್ ಕೂಡ ಕೇಳಿತು. ನನಗೆ ಅಳು ಬಂದದ್ದು ಹಾಡಿಗಲ್ಲ, ಆ ಕುಕ್ಕರಿಗೆ.

ಒಟ್ಟಿಗೆ ಹಾಡಲು ಮಾತ್ರ ಆಗಲಿಲ್ಲ, ಇವತ್ತಿಗೂ ಆಗುವುದಿಲ್ಲ. ಧ್ವನಿ ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಎಂಟು ಜನ ಹಾಡಿದರೆ ಎಂಟು ಕೀರ್ತನೆ ಕೇಳಿಸುತ್ತದೆ. ಹಾಗಾಗಿ ಮಾಸ್ಟ್ರು ಒಬ್ಬರೇ ಹಾಡುವುದು, ನಾವೆಲ್ಲ ಮ್ಯೂಟ್ ಮಾಡಿಕೊಂಡು ಅವರ ಜೊತೆ ಹಾಡುವುದು. ಪರದೆ ತುಂಬಾ ಶಬ್ದವಿಲ್ಲದೆ ತೆರೆದು ಮುಚ್ಚುವ ಬಾಯಿಗಳು. ಬೀದರ್‌ನ ಮೆಥೊಡಿಸ್ಟ್ ಮನೆತನದ ಒಬ್ಬ ನರ್ಸ್ ಮಸ್ಕತ್‌ನಲ್ಲಿದ್ದಾರೆ, ನಾವು ಸಿಸ್ಟರ್ ಅನ್ನುತ್ತೇವೆ. ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾ ಹಾಡುತ್ತಾರೆ. ಹಾಡುವಾಗ ಅವರ ಧ್ವನಿ ಹೇಗಿರುತ್ತದೆ ಅಂತ ಒಂದೂವರೆ ವರ್ಷ ಗೊತ್ತೇ ಇರಲಿಲ್ಲ. ಧಾರವಾಡದ ಗಂಡ ಹೆಂಡತಿ ಇದ್ದಾರೆ. ಅವರ ಚೌಕದಲ್ಲಿ ಅರ್ಧ ಯಜಮಾನರ ಹಣೆ, ಇನ್ನರ್ಧ ಕ್ಯಾಲೆಂಡರ್.

ಕೂಟ ನಡೆಯುವುದು ದುಡ್ಡು ಕೊಡದ ಜೂಮ್‌ನಲ್ಲಿ. 40 ನಿಮಿಷಕ್ಕೆ ಕಟ್ಟಾಗುತ್ತದೆ. ನಾನು ಸಂಬಳದವಳು, ದುಡ್ಡು ಕಟ್ಟುತ್ತೇನೆ ಎಂದೆ. ಮಾಸ್ಟ್ರು ಬೇಡವೇ ಬೇಡ ಎಂದರು. 'ಸಮಯ ಜಾಸ್ತಿ ಸಿಕ್ಕಿದರೆ ಎಲ್ಲರೂ ಪ್ರಸಂಗ ಮಾಡ್ತಾರೆ.' ಅವರು ಹೇಳಿದ್ದೇ ಸರಿ. ಒಂದು ಕೀರ್ತನೆ, ಹತ್ತು ಹನ್ನೆರಡು ವಚನ, ಆಮೇಲೆ ಪ್ರತಿಯೊಬ್ಬರೂ ಆ ವಾರದ ಒಂದು ವಿಷಯ ಹೇಳಬೇಕು. ಒಂದೇ. 'ಎಲ್ಲಾ ಚೆನ್ನಾಗಿದೆ, ಸ್ತೋತ್ರ' ಅನ್ನುವಂತಿಲ್ಲ. ಮೊದಲ ಸಲ ನನ್ನ ಸರದಿ ಬಂದಾಗ ಗಂಟಲಿನ ಗೊರಗೊರ ಶಬ್ದದ ಕಥೆ ಹೇಳಿದೆ. ಯಾರೂ ವಾಕ್ಯ ಹೇಳಿ ಸಮಾಧಾನ ಮಾಡಲಿಲ್ಲ. ಸಿಸ್ಟರ್ ಮಾತ್ರ, 'ನನಗೂ ಆಗುತ್ತೆ ಅಕ್ಕಾ, ನೈಟ್ ಶಿಫ್ಟ್ ಮುಗಿಸಿ ಎರಡು ದಿನ ರಜ ಬಂದರೆ' ಅಂದರು.

ಇನ್ನೊಂದು ಏರ್ಪಾಡು ಉಂಟು, ನನ್ನ ಪ್ರಕಾರ ಎಲ್ಲದಕ್ಕಿಂತ ಮುಖ್ಯವಾದದ್ದು. ಪಟ್ಟಿಯಲ್ಲಿ ನಿಮ್ಮ ಕೆಳಗಿನ ಹೆಸರಿಗೆ ಆ ವಾರ ನೀವು ಪ್ರಾರ್ಥಿಸಬೇಕು, ಬುಧವಾರ ಒಂದು ಫೋನ್ ಮಾಡಬೇಕು. ಮೆಸೇಜ್ ನಡೆಯುವುದಿಲ್ಲ. ಮೊದಲ ಬುಧವಾರ ಧಾರವಾಡದ ಆಂಟಿಗೆ ಫೋನ್ ಮಾಡುವ ಮುಂಚೆ ಚೀಟಿಯಲ್ಲಿ ಮೂರು ವಿಷಯ ಬರೆದಿಟ್ಟುಕೊಂಡಿದ್ದೆ. ಆಂಟಿ ಮೊಣಕಾಲು ನೋವಿನಿಂದ ಶುರು ಮಾಡಿದರು, ಚೀಟಿ ಬೇಕಾಗಲೇ ಇಲ್ಲ. ಅಲ್ಲಿಯವರೆಗೆ ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಈಗ ಬುಧವಾರ ನನಗಾಗಿ ಒಬ್ಬರು ಕಾಯುತ್ತಿದ್ದರು. ಮಾಸ್ಟ್ರ ಷರತ್ತು ಎರಡೇ: ಕೂಟದಲ್ಲಿ ಹೇಳಿದ್ದನ್ನು ಫಾರ್ವರ್ಡ್ ಮಾಡಬಾರದು, ದುಡ್ಡಿನ ಮಾತು ಎತ್ತಬಾರದು. ಕರ್ತನ ಭೋಜನದ, ಅಂದರೆ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ, ವಿಷಯಕ್ಕೆ ನಾವು ಹೋಗಲಿಲ್ಲ. ಅದು ಆನ್‌ಲೈನ್‌ನಲ್ಲಿ ಸರಿಯೋ ತಪ್ಪೋ ಅಂತ ಒಂದೊಂದು ಚರ್ಚಿಗೆ ಒಂದೊಂದು ಅಭಿಪ್ರಾಯ ಇದೆ, ನಮ್ಮದು ಚರ್ಚೂ ಅಲ್ಲ.

ಕೂಟ ನಿಜವಾಗಿ ನನ್ನದಾದದ್ದು ಗಡಿಯಾರದ ದೆಸೆಯಿಂದ. ಕೂಟ ಶನಿವಾರ, ಊರಿನ ರಾತ್ರಿ ಎಂಟೂವರೆಗೆ. ಅಂದರೆ ಬೇಸಿಗೆಯಲ್ಲಿ ನನಗೆ ಸಂಜೆ ನಾಲ್ಕು. ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮಾರ್ಚ್ ಕೊನೆಯವರೆಗೆ ಎಂಟೂವರೆ ಅಂದರೆ ಮೂರು ಗಂಟೆ. ಇದು ನನಗೆ ಹೊಳೆಯಲೇ ಇಲ್ಲ. 2022ರ ನವೆಂಬರ್ ಮೊದಲ ಶನಿವಾರ ಟೀ ಮಾಡಿಕೊಂಡು ಸರಿಯಾಗಿ ನಾಲ್ಕಕ್ಕೆ ಕೂತೆ. ಪರದೆಯಲ್ಲಿ ಯಾರೂ ಇಲ್ಲ. ಹತ್ತು ನಿಮಿಷ ಕಾದೆ. ಕಿಟಕಿಯಾಚೆ ಕತ್ತಲಾಗುತ್ತಿತ್ತು, ಕಡಲ ಹಕ್ಕಿಗಳು ಕಿರುಚುತ್ತಿದ್ದವು. ಇವರೂ ಬಿಟ್ಟರು ಅಂದುಕೊಂಡೆ. ಒಳಕೋಣೆಯಲ್ಲಿ ಚಾರ್ಜಿಗೆ ಇಟ್ಟ ಫೋನ್ ತೆಗೆದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಮಾಸ್ಟ್ರದು ನಾಲ್ಕು, ಸಿಸ್ಟರ್‌ದು ಐದು, ಅಮ್ಮನದು ಎರಡು. ಅಮ್ಮನವರೆಗೂ ಸುದ್ದಿ ಹೋಗಿತ್ತು! ವಾಪಸ್ ಮಾಡಿದಾಗ ಎತ್ತಿದ್ದು ಮಾಸ್ಟ್ರ ಹೆಂಡತಿ. 'ಎಲ್ಲಿ ಸತ್ತಿದ್ದೆ ಮಾರಾಯ್ತಿ!' ಇಡೀ ವರ್ಷದಲ್ಲಿ ಯಾರೂ ನನಗೆ ಅಷ್ಟು ಚೆಂದ ಬೈದಿರಲಿಲ್ಲ.

ಯೂಟ್ಯೂಬ್‌ನಲ್ಲಿ ನಾನು ಆರು ವಾರ ಬಾರದಿದ್ದರೂ ನೋಡುವವರ ಲೆಕ್ಕದಲ್ಲಿ ಒಂದು ಕಡಿಮೆ ಆಗುತ್ತಿತ್ತು, ಅಷ್ಟೇ. ಕನ್ನಡ ಬೈಬಲ್‌ನಲ್ಲಿ 'ಅನ್ಯೋನ್ಯತೆ' ಅಂತ ಮಾತಿದೆ. ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅದರ ರುಚಿ ಗೊತ್ತಾದದ್ದು ಆ ಬೈಗುಳದಲ್ಲಿ.

ಇದರ ಮಿತಿಯನ್ನೂ ಹೇಳಬೇಕು. 2023ರ ಚಳಿಗಾಲದಲ್ಲಿ ನನಗೆ ಜೋರು ಜ್ವರ ಬಂತು. ಎಂಟು ಜನ ಪ್ರಾರ್ಥಿಸಿದರು, ಗಂಟೆಗೊಮ್ಮೆ ಕೇಳಿದರು. ಗಂಜಿ ಮಾಡಿಕೊಡುವುದು ಮಾತ್ರ ಯಾರಿಂದಲೂ ಆಗಲಿಲ್ಲ. ಅದಾದ ಮೇಲೆ ಮಾಸ್ಟ್ರು ಬೇಕಂತಲೇ ಬೈಬಲ್‌ನ ಎರಡನೆಯ ಯೋಹಾನ ಪತ್ರಿಕೆ ಓದಿಸಿದರು. ಒಟ್ಟು 13 ವಚನಗಳ ಪುಟ್ಟ ಪತ್ರ. ಬರೆಯುವುದು ಬಹಳ ಇದೆ, ಆದರೆ ಕಾಗದ ಮಸಿಯಲ್ಲಿ ಬೇಡ, ಬಂದು ಎದುರೆದುರು ಮಾತಾಡುತ್ತೇನೆ ಅನ್ನುತ್ತಾನೆ ಬರೆದವನು. 'ನಿನ್ನ ಮನೆ ಹತ್ತಿರ ಚರ್ಚ್ ಇಲ್ವಾ?' ಎಂದರು ಮಾಸ್ಟ್ರು. ಇತ್ತು, ಆರು ನಿಮಿಷದ ದಾರಿ. ಮೊದಲು ಎರಡು ಸಲ ಹೋಗಿ, ಅವರ ಉಚ್ಚಾರ ಅರ್ಥವಾಗದೆ, ಬಿಸ್ಕತ್ತು ತಿಂದು ಬಂದಿದ್ದೆ. ಮತ್ತೆ ಹೋದೆ. ಅವತ್ತು 23ನೇ ಕೀರ್ತನೆ ಹಾಡಿದರು. ಆ ರಾಗಕ್ಕೆ ಕ್ರಿಮಂಡ್ ಅಂತ ಹೆಸರು, ಅಬರ್ಡೀನ್‌ನಿಂದ ಉತ್ತರಕ್ಕಿರುವ ಒಂದು ಹಳ್ಳಿಯ ಹೆಸರದು ಅಂತ ಪಕ್ಕದ ಅಜ್ಜಿ ಹೇಳಿದರು. ಈಗ ಭಾನುವಾರ ಅಲ್ಲಿ, ಶನಿವಾರ ಇಲ್ಲಿ. ಎರಡರಲ್ಲಿ ಒಂದು ಬಿಡು ಅಂದರೆ ಬಿಡಲಾರೆ.

2024ರ ಜನವರಿಯಲ್ಲಿ ಊರಿಗೆ ಹೋದೆ. ಧಾರವಾಡದವರೂ ರಾತ್ರಿ ಬಸ್ ಹತ್ತಿ ಬಂದರು. ಮಾಸ್ಟ್ರ ಮನೆ ಬಾಗಿಲಲ್ಲಿ ನಿಂತಿದ್ದ ಗಿಡ್ಡ ಮನುಷ್ಯರನ್ನು ದಾಟಿ ಒಳಗೆ ನೋಡಿದೆ. ಅವರೇ ಮಾಸ್ಟ್ರು. ಭುಜದಿಂದ ಮೇಲಷ್ಟೇ ಕಂಡವರನ್ನು ನಾನು ಮನಸ್ಸಿನಲ್ಲಿ ಆರಡಿ ಮಾಡಿಟ್ಟುಕೊಂಡಿದ್ದೆ. ಅದು ಶನಿವಾರವೇ. ಎಂಟೂವರೆಗೆ ಹಾರ್ಮೋನಿಯಂ ಸುತ್ತ ಚಾಪೆ ಹಾಕಿ ಕೂತೆವು. ಮಸ್ಕತ್‌ನಲ್ಲಿದ್ದ ಸಿಸ್ಟರ್‌ಗಾಗಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಟೆವು. ಕೀರ್ತನೆ ಶುರುವಾಯಿತು. ಮ್ಯೂಟ್ ಮಾಡಿ ಅಂತ ಅವರಿಗೆ ಹೇಳುವುದು ಮರೆತಿದ್ದೆವು. ಅವರ ಧ್ವನಿ ಅರ್ಧ ಸಾಲು ಹಿಂದೆ, ಸ್ವಲ್ಪ ಅಪಶ್ರುತಿಯಲ್ಲಿ, ಡಬ್ಬಿಯ ಕಡೆಯಿಂದ ಬರುತ್ತಿತ್ತು. ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಫೋನ್ ಮುಟ್ಟಲಿಲ್ಲ. ಅವರು ಹಾಡನ್ನೇ ಸ್ವಲ್ಪ ನಿಧಾನ ಮಾಡಿದರು.