ಡಿಲೀಟ್ ಪಕ್ಕದ ಪವರ್ ಕೀಗೆ ಒಂದು ಒಪ್ಪೋಲೆ

ಕರಡು ತಿದ್ದುವುದು ನನ್ನ ಕಸುಬು. ಹೋದ ಮಳೆಗಾಲದಲ್ಲಿ ಕೊಂಡ ಅಗ್ಗದ ಯುಎಸ್‌ಬಿ ಕೀಬೋರ್ಡಿನಲ್ಲಿ ಡಿಲೀಟ್‌ಗೆ ಅಂಟಿಕೊಂಡೇ ಪವರ್ ಕೀ ಇದೆ. ಹೆಚ್ಚಾಗಿದ್ದ ಒಂದು ಒತ್ತಕ್ಷರ ಅಳಿಸಲು ಹೋಗಿ ಲ್ಯಾಪ್‌ಟಾಪನ್ನೇ ಆರಿಸಿದೆ. ಎರಡನೆಯ ಸಲ ಹಾಗಾದಾಗ ಚಾಕು ತಂದು ಆ ಕೀಯನ್ನು ಕಿತ್ತುಹಾಕಲು ಹೊರಟಿದ್ದೆ. ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದ್ದವರಿಗೆ ಚಾಕು ಬೇಡ.

ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಇರುತ್ತಿತ್ತಲ್ಲ, ಯಾವ ಪುಟದ ಯಾವ ಸಾಲಿನಲ್ಲಿ ಏನು ತಿದ್ದಿ ಓದಬೇಕೆಂದು? ಲಿನಕ್ಸ್‌ನ ಹಾರ್ಡ್‌ವೇರ್ ಡೇಟಾಬೇಸ್ ಅಂಥದ್ದೇ. ಸಾಧನವನ್ನು ಸಿಕ್ಕಿಸಿದೊಡನೆ ಅದರ ಸಂಪರ್ಕದ ಬಗೆ, ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆಗಳನ್ನು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಒಂದೇ ಸಾಲಾಗಿ ಪೋಣಿಸುತ್ತದೆ. ಇದೇ ಮೋಡ್‌ಅಲಿಯಾಸ್. ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಎಂಬ ಪ್ರೋಗ್ರಾಂ ಈ ಸಾಲನ್ನು ಡೇಟಾಬೇಸಿನ ಪಟ್ಟಿಯಲ್ಲಿ ಹುಡುಕಿ, ಹೊಂದಿಕೆಯಾದ ಕಡೆ ಬರೆದಿರುವ ಗುಣಗಳನ್ನು ಸಾಧನಕ್ಕೆ ಹಚ್ಚುತ್ತದೆ. ಆ ಪಟ್ಟಿಗೆ ನಾವೂ ಎರಡು ಸಾಲು ಸೇರಿಸಬಹುದು.

ಮೊದಲು ಕೀಯ ಸಂಕೇತ ಬೇಕು. ಇವ್‌ಟೆಸ್ಟ್ ಎಂಬ ಸಣ್ಣ ಪ್ರೋಗ್ರಾಂ ಹಾಕಿಕೊಂಡು, ಟರ್ಮಿನಲ್‌ನಲ್ಲಿ ಸುಡೊ (ನಿರ್ವಾಹಕರ ಅಧಿಕಾರ ಕೊಡುವ ಆಜ್ಞೆ) ಸಹಿತ ಓಡಿಸಿ. ಆದರೆ ಪವರ್ ಒತ್ತಿ ನೋಡಹೊರಟರೆ ಯಂತ್ರ ಆರಿಹೋಗುತ್ತದೆ! ಅದಕ್ಕೇ ಆಜ್ಞೆಗೆ --ಗ್ರ್ಯಾಬ್ ಸೇರಿಸಬೇಕು. ಆಗ ಒತ್ತಿದ್ದು ಇವ್‌ಟೆಸ್ಟ್‌ಗೆ ಮಾತ್ರ ತಲುಪುತ್ತದೆ. ಇವ್‌ಟೆಸ್ಟ್ ತೋರಿಸುವ ಸಾಧನಗಳ ಪಟ್ಟಿಯಲ್ಲಿ ಒಂದೇ ಕೀಬೋರ್ಡ್ ಎರಡು ಮೂರು ಕಡೆ ಕಾಣಿಸಿದರೆ ಗಾಬರಿ ಬೇಡ. ಪವರ್ ಕೀ ಸಾಮಾನ್ಯವಾಗಿ ಇರುವುದು ‘ಸಿಸ್ಟಮ್ ಕಂಟ್ರೋಲ್’ ಎಂಬ ಹೆಸರಿನದರಲ್ಲಿ. ನನಗೆ ಸಿಕ್ಕ ಸಂಕೇತ 10081.

ಕೀಬೋರ್ಡಿನ ಗುರುತನ್ನು ಎಲ್‌ಎಸ್‌ಯುಎಸ್‌ಬಿ ಆಜ್ಞೆ ಹೇಳುತ್ತದೆ: ನಾಲ್ಕು ಅಂಕಿ, ವಿಸರ್ಗದಂಥ ಎರಡು ಚುಕ್ಕೆ, ಮತ್ತೆ ನಾಲ್ಕು ಅಂಕಿ. ಈಗ /ಇಟಿಸಿ/ಯೂಡೆವ್/ಎಚ್‌ಡಬ್ಲ್ಯೂಡಿಬಿ.ಡಿ ಎಂಬ ಫೋಲ್ಡರಿನೊಳಗೆ, ಹೆಸರು 90ರಿಂದ ಶುರುವಾಗಿ .ಎಚ್‌ಡಬ್ಲ್ಯೂಡಿಬಿ ಎಂದು ಮುಗಿಯುವ ಕಡತ ಮಾಡಿ. ಕಡತಗಳನ್ನು ಹೆಸರಿನ ಅನುಕ್ರಮದಲ್ಲಿ ಓದಲಾಗುತ್ತದೆ, ಕೊನೆಯದರ ಮಾತು ನಡೆಯುತ್ತದೆ. ಅದರಲ್ಲಿ ಹೀಗೆ ಬರೆಯಿರಿ (ಇಲ್ಲಿ ಕನ್ನಡ ಲಿಪಿಯಲ್ಲಿದೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು):

ಇವ್‌ಡೆವ್:ಇನ್‌ಪುಟ್:ಬಿ0003ವಿ____ಪಿ____*
 ಕೀಬೋರ್ಡ್_ಕೀ_10081=ಅನ್‌ನೋನ್

0003 ಎಂದರೆ ಯುಎಸ್‌ಬಿ. ಖಾಲಿ ಜಾಗಗಳಲ್ಲಿ ಎಲ್‌ಎಸ್‌ಯುಎಸ್‌ಬಿ ಹೇಳಿದ ನಿಮ್ಮ ಅಂಕಿಗಳು, 10081ರ ಜಾಗದಲ್ಲಿ ನಿಮಗೆ ಸಿಕ್ಕ ಸಂಕೇತ. ಅನ್‌ನೋನ್ ಎಂದರೆ ಆ ಕೀಗೆ ಇನ್ನು ಯಾವ ಕೆಲಸವೂ ಇಲ್ಲ. ನಕ್ಷತ್ರ ಎಂದರೆ ಮುಂದೆ ಏನಿದ್ದರೂ ಸರಿ. ನಾನು ಒಂದು ಸಂಜೆ ಕಳೆದುಕೊಂಡದ್ದು ಈ ಎರಡೇ ಸಾಲಿನಲ್ಲಿ. ಎಲ್‌ಎಸ್‌ಯುಎಸ್‌ಬಿ ಅಂಕಿಗಳ ನಡುವಿನ ಎ-ಯಿಂದ-ಎಫ್ ಅಕ್ಷರಗಳನ್ನು ಚಿಕ್ಕದಾಗಿ ತೋರಿಸುತ್ತದೆ, ಇಲ್ಲಿ ಅವು ದೊಡ್ಡಕ್ಷರವಾಗಬೇಕು. ‘ಕೀಬೋರ್ಡ್_ಕೀ’ ದೊಡ್ಡಕ್ಷರ, ‘ಅನ್‌ನೋನ್’ ಚಿಕ್ಕಕ್ಷರ. ಎರಡನೆಯ ಸಾಲಿನ ಮೊದಲಿಗೆ ಒಂದು ತೆರಪು ಇರಲೇಬೇಕು. ಇಲ್ಲದಿದ್ದರೆ ಅದನ್ನೂ ಯಾವುದೋ ಸಾಧನದ ಗುರುತೆಂದೇ ಓದಿಕೊಳ್ಳುತ್ತದೆ. ಮೂವತ್ತು ವರ್ಷದಿಂದ ಪರರ ತೆರಪುಗಳನ್ನು ತಿದ್ದುತ್ತಿರುವ ನನಗೆ ನನ್ನದೇ ಕಾಣಲಿಲ್ಲ.

ಉಳಿದದ್ದು ಸುಲಭ. ‘ಸುಡೊ ಸಿಸ್ಟಮ್‌ಡಿ-ಎಚ್‌ಡಬ್ಲ್ಯೂಡಿಬಿ ಅಪ್‌ಡೇಟ್’ ಎಂದು ಒತ್ತಿ, ಕೀಬೋರ್ಡಿನ ತಂತಿ ಕಿತ್ತು ಮತ್ತೆ ಸಿಕ್ಕಿಸಿ. ಮೊದಲ ಸಲ ಪವರ್ ಒತ್ತುವ ಮುನ್ನ ತೆರೆದ ಕಡತಗಳನ್ನೆಲ್ಲ ಉಳಿಸಿಕೊಳ್ಳಿ.

ಲ್ಯಾಪ್‌ಟಾಪಿನ ಸ್ವಂತ ಪವರ್ ಗುಂಡಿ ಎಂದಿನಂತೆಯೇ ಇರುತ್ತದೆ. ಅದರ ಗುರುತು ನಾವು ಬರೆದ ಸಾಲಿಗೆ ಹೊಂದುವುದಿಲ್ಲ.