ಡ್ರಮ್ಮಿನ ಸೇಬು ಗಿಡ ಹೂ ಬಿಟ್ಟಿದ್ದು ಹೀಗೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಾರಸಿ ಮೇಲೆ 60 ಲೀಟರಿನ ಎರಡು ಡ್ರಮ್ಮುಗಳಲ್ಲಿ ಸೇಬು ಗಿಡ: ಒಂದು ಅನ್ನಾ, ಒಂದು ಡಾರ್ಸೆಟ್ ಗೋಲ್ಡನ್, ಎರಡೂ ಕಡಿಮೆ ಚಳಿ ಸಾಕಾಗುವ ತಳಿಗಳು. ಜಾಗ ಕಡಿಮೆ, ಅದಕ್ಕೇ ಕಂಬದ ಹಾಗೆ ನೆಟ್ಟಗೆ ಬೆಳೆಸಿದ್ದೆ. ಮೂರು ವರ್ಷ ಬರೀ ಎಲೆ, ಒಂದು ಹೂವೂ ಇಲ್ಲ.

ಯೂರಿಯಾ ಹಾಕಿದೆ, ಎಲೆ ಇನ್ನೂ ಜಾಸ್ತಿಯಾಯಿತು. ಸೇಬು ಹೂ ಬಿಡಲು ಚಳಿ ಬೇಕು ಅಂತ ಬುಡಕ್ಕೆ ಐಸ್ ಸುರಿದದ್ದು ಸುಮ್ನೆ ದಂಡ. ಚಳಿ ಬೇಕಿರುವುದು ಮೊಗ್ಗಿಗೆ, ಬೇರಿಗಲ್ಲ.

ಕೊನೆಗೆ ಕೆಲಸ ಮಾಡಿದ್ದು ಎಲೆ ತೆಗೆಯುವುದು. ನಮ್ಮೂರ ಚಳಿಗೆ ಸೇಬಿನ ಎಲೆ ತಾನಾಗಿ ಪೂರ್ತಿ ಉದುರುವುದಿಲ್ಲ, ಅಲ್ವಾ? ಎಲೆ ಇದ್ದಷ್ಟು ದಿನ ಮೊಗ್ಗು ಮಲಗಿಯೇ ಇರುತ್ತದೆ, ಅದಕ್ಕೇ ನಾವೇ ಉದುರಿಸಬೇಕು. ನವೆಂಬರಿನಲ್ಲಿ ಪಕ್ಕದ ರೆಂಬೆಗಳನ್ನು ದಾರ ಕಟ್ಟಿ ಅಡ್ಡಕ್ಕೆ ಬಗ್ಗಿಸಿದೆ. ಡಿಸೆಂಬರ್ ಮೊದಲ ಹತ್ತು ದಿನ ನೀರು ಅರ್ಧಕ್ಕೆ ಇಳಿಸಿದೆ. ಆಮೇಲೆ ಒಂದೇ ದಿನ ಅಷ್ಟೂ ಎಲೆ ತೆಗೆದೆ. ಕೈಯಲ್ಲಿ ಎಳೆಯಬೇಡಿ. ತೊಟ್ಟಿನ ಬುಡದಲ್ಲಿ ಅಕ್ಕಿ ಕಾಳಿನಷ್ಟು ಮೊಗ್ಗು ಕೂತಿರುತ್ತದೆ, ಅದೂ ಕಿತ್ತು ಬರುತ್ತದೆ. ತೊಟ್ಟು ಉಳಿಸಿ ಕತ್ತರಿಯಿಂದ ಕತ್ತರಿಸಿ. ಸ್ವಲ್ಪ ದಿನಕ್ಕೆ ತೊಟ್ಟು ಒಣಗಿ ತಾನೇ ಬೀಳುತ್ತದೆ. ಮರುದಿನ ಡ್ರಮ್ಮಿನ ತಳದಿಂದ ಸೋರುವಷ್ಟು ನೀರು, ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ. ಎರಡೂ ಗಿಡಕ್ಕೆ ಒಂದೇ ದಿನ ಮಾಡಿ. ಒಟ್ಟಿಗೆ ಅರಳಿದರೆ ಒಂದರ ಪರಾಗ ಇನ್ನೊಂದಕ್ಕೆ ಸಿಗುತ್ತದೆ.

ಐದನೇ ವಾರಕ್ಕೆ ಗುಲಾಬಿ ಬಣ್ಣದ ಮೊಗ್ಗು ಬಂತು, ಅದೂ ಬಗ್ಗಿಸಿದ ರೆಂಬೆಗಳಲ್ಲೇ ಜಾಸ್ತಿ. ಕಾಯಿ ಗೋಲಿ ಗಾತ್ರ ಆದಾಗ ಗೊಂಚಲಿಗೆ ಒಂದೇ ಬಿಟ್ಟು ಉಳಿದದ್ದು ತೆಗೆದೆ.