ಶಹಾಬಾದ್ ಫರ್ಶಿ ಹಿಡಿದು ಈಕ್ವಿಲಿಬ್ರಿಯಂ ಕಲಿಯುವುದು ಹೇಗೆ

ಫಸ್ಟ್ ಪಿಯುಸಿ ಕೆಮಿಸ್ಟ್ರಿಯಲ್ಲಿ ಈಕ್ವಿಲಿಬ್ರಿಯಂ (ರಾಸಾಯನಿಕ ಸಮತೋಲನ) ಬಂತು ಅಂದರೆ ಅರ್ಧ ಕ್ಲಾಸ್ ಸುಮ್ನೆ ಫಾರ್ಮುಲಾ ಬಾಯಿಪಾಠ ಮಾಡುತ್ತದೆ. ನಾನೂ ಹಾಗೇ ಮಾಡಿದ್ದೆ. ಕಲಬುರಗಿ ಕಡೆಯವರು ಹಾಗೆ ಮಾಡಬೇಕಾಗಿಲ್ಲ, ಮನೆಯ ನೆಲ ನೋಡಿದರೆ ಸಾಕು.

ನಾವು ಹಾಸಿಕೊಂಡಿರುವ ಶಹಾಬಾದ್ ಫರ್ಶಿ ಸುಣ್ಣದ ಕಲ್ಲು. ಅದರಲ್ಲಿ ಜಾಸ್ತಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾಗಿರುವುದೂ ಸುಣ್ಣದ ಕಲ್ಲೇ. ಭಟ್ಟಿಯಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಒಡೆದು ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಆಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಆ ಗ್ಯಾಸ್ ಮತ್ತೆ ಸುಣ್ಣಕ್ಕೆ ಸೇರಿದರೆ ಪುನಃ ಕಲ್ಲು. ಎರಡೂ ಕಡೆ ನಡೆಯುತ್ತದೆ, ಅದಕ್ಕೇ ರಿವರ್ಸಿಬಲ್.

ಹಾಗಾದರೆ ಭಟ್ಟಿಯಲ್ಲಿ ಕಲ್ಲು ಪೂರ್ತಿ ಸುಣ್ಣ ಆಗುವುದು ಹೇಗೆ? ಗ್ಯಾಸ್ ಹೊಗೆಯ ಜೊತೆ ಹೊರಟುಹೋಗುತ್ತದೆ, ವಾಪಸ್ ಸೇರಲು ಉಳಿಯುವುದೇ ಇಲ್ಲ. ಆದ್ದರಿಂದ ಯಾವ ಲೆಕ್ಕ ಬಂದರೂ ಮೊದಲು ಕೇಳಿ: ಮುಚ್ಚಳ ಇದೆಯಾ? ಮುಚ್ಚಿದ ಪಾತ್ರೆ ಇಲ್ಲದಿದ್ದರೆ ಇಲ್ಲಿ ಈಕ್ವಿಲಿಬ್ರಿಯಂ ಮಾತೇ ಇಲ್ಲ.

ಈಗ ಅದೇ ಕಲ್ಲನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ಕಾಯಿಸಿದಿರಿ ಅಂದುಕೊಳ್ಳಿ. ಶುರುವಿನಲ್ಲಿ ಗ್ಯಾಸ್ ಇಲ್ಲ, ಕಲ್ಲು ಒಡೆಯುವುದೊಂದೇ ಕೆಲಸ. ಗ್ಯಾಸ್ ತುಂಬುತ್ತಾ ಹೋದ ಹಾಗೆ ವಾಪಸ್ ಸೇರುವುದೂ ಜೋರಾಗುತ್ತದೆ, ಕೊನೆಗೆ ಒಂದು ಸೆಕೆಂಡಿಗೆ ಎಷ್ಟು ಒಡೆಯುತ್ತದೋ ಅಷ್ಟೇ ಸೇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲಾ ನಿಂತ ಹಾಗೆ ಕಾಣುತ್ತದೆ, ಒಳಗೆ ನಿಂತಿಲ್ಲ. ಸಮ ಆಗುವುದು ವೇಗ, ಪ್ರಮಾಣ ಅಲ್ಲ. ಎರಡೂ ಕಡೆ ಅರ್ಧರ್ಧ ಇರುತ್ತದೆ ಅಂತ ಬರೆದು ನಾನು ಮಾರ್ಕ್ಸ್ ಕಳೆದುಕೊಂಡಿದ್ದೇನೆ.

ಪ್ರಮಾಣ ಎಷ್ಟು ಅಂತ ಹೇಳುವುದು ಕೆ, ಅಂದರೆ ಈಕ್ವಿಲಿಬ್ರಿಯಂ ಸ್ಥಿರಾಂಕ. ಹೈಡ್ರೋಜನ್ 1 ಮೋಲ್, ಅಯೋಡಿನ್ 1 ಮೋಲ್, 1 ಲೀಟರ್ ಪಾತ್ರೆ, ಗ್ಯಾಸ್ ಆಗಿ ಇರುವಷ್ಟು ಬಿಸಿ. ಆಗುವುದು 2 ಹೈಡ್ರೋಜನ್ ಅಯೋಡೈಡ್. ಇಲ್ಲಿ ಕೆ ಅಂದರೆ ಅಯೋಡೈಡ್ ಸಾಂದ್ರತೆಯ ವರ್ಗವನ್ನು ಉಳಿದ ಎರಡರ ಸಾಂದ್ರತೆಗಳ ಗುಣಲಬ್ಧದಿಂದ ಭಾಗಿಸಿದ್ದು. ವರ್ಗಮೂಲ ಸಲೀಸಾಗಲಿ ಅಂತ ಕೆ 49 ಅಂತ ಇಟ್ಟುಕೊಳ್ಳೋಣ. ಎರಡರಲ್ಲೂ ಎಕ್ಸ್ ಖರ್ಚಾದರೆ ಉಳಿಯುವುದು 1 − ಎಕ್ಸ್, ಹುಟ್ಟುವುದು 2ಎಕ್ಸ್. 2ಎಕ್ಸ್ ಅನ್ನು 1 − ಎಕ್ಸ್‌ನಿಂದ ಭಾಗಿಸಿ ವರ್ಗ ಮಾಡಿದರೆ 49. ಎರಡೂ ಕಡೆ ವರ್ಗಮೂಲ ತೆಗೆದರೆ 7. ಬಿಡಿಸಿದರೆ ಎಕ್ಸ್ ಅಂದರೆ 7/9, ಸುಮಾರು 0.78. ಅಯೋಡೈಡ್ 1.56 ಮೋಲ್, ಉಳಿದ ಎರಡೂ 0.22. ತಿರುಗಿಸಿ ಹಾಕಿ ನೋಡಿದರೆ 50 ಚಿಲ್ಲರೆ ಬರುತ್ತದೆ, ರೌಂಡ್ ಮಾಡಿದ ತಪ್ಪು ಅದು, ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಲೆ ಶಾಟಲಿಯೆ. 1884ರಲ್ಲಿ ನಿಯಮ ಹೇಳಿದ ಈ ಫ್ರೆಂಚ್ ವಿಜ್ಞಾನಿ ಸಿಮೆಂಟ್ ಮೇಲೂ ಕೆಲಸ ಮಾಡಿದವನು, ನಮ್ಮ ಜಿಲ್ಲೆಗೆ ಬಂದಿದ್ದರೆ ಖುಷಿಪಡುತ್ತಿದ್ದನೇನೋ. ಅವನ ಮಾತು ಇಷ್ಟೇ: ಸಮತೋಲನ ಕೆಡಿಸಿದರೆ ಆ ಕೆಡುಕು ಕಡಿಮೆಯಾಗುವ ಕಡೆಗೆ ಕ್ರಿಯೆ ಸರಿಯುತ್ತದೆ. ಕಲ್ಲು ಒಡೆಯಲು ಶಾಖ ಬೇಕು, ಆದ್ದರಿಂದ ಬಿಸಿ ಜಾಸ್ತಿ ಮಾಡಿದರೆ ಇನ್ನಷ್ಟು ಒಡೆಯುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ಯಾಸಿನ ಒತ್ತಡ 1 ಅಟ್ಮಾಸ್ಫಿಯರ್ ಮುಟ್ಟುತ್ತದೆ. ಡಬ್ಬಿಯನ್ನು ಅದುಮಿ ಸಣ್ಣದು ಮಾಡಿದರೆ ಗ್ಯಾಸ್ ವಾಪಸ್ ಕಲ್ಲಿಗೆ ಸೇರುತ್ತದೆ. ಕೆ ಬದಲಾಗುವುದು ಉಷ್ಣತೆ ಬದಲಾದಾಗ ಮಾತ್ರ. ಕೆಟಲಿಸ್ಟ್, ಅಂದರೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಹಾಕಿದರೆ ಈಕ್ವಿಲಿಬ್ರಿಯಂ ಬೇಗ ಮುಟ್ಟುತ್ತೀರಿ, ಮುಟ್ಟುವ ಜಾಗ ಅದೇ.

ಪರೀಕ್ಷೆಯಲ್ಲಿ ಸಿಕ್ಕಿಹಾಕಿಸುವ ಪ್ರಶ್ನೆ ಒಂದಿದೆ. ಅದೇ ಡಬ್ಬಿಯಲ್ಲಿ, ಅದೇ ಬಿಸಿಯಲ್ಲಿ, ಇನ್ನೆರಡು ಚೂರು ಕಲ್ಲು ಹಾಕಿದರೆ ಗ್ಯಾಸಿನ ಒತ್ತಡ ಏನಾಗುತ್ತದೆ? ಜಾಸ್ತಿ ಅಂತ ಕೈ ತಾನೇ ಬರೆಯಲು ಹೋಗುತ್ತದೆ, ಅಲ್ವಾ? ಏನೂ ಆಗುವುದಿಲ್ಲ. ಘನವಸ್ತು ಕೆ ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿ ಕೆ ಅಂದರೆ ಆ ಗ್ಯಾಸಿನ ಒತ್ತಡವೇ.